ರಾತ್ರಿ ನೀರು ಹಾಕಿಟ್ಟ ಅನ್ನ



ಭಾನುವಾರ ರಾತ್ರಿ ನಮ್ಮನೇಲಿ ಗ್ರೈಂಡರ್ ಸದ್ದು. ಮೂರು ದಿನಕ್ಕಾಗುವಷ್ಟು ದೋಸೆ ಹಿಟ್ಟು ಕಡೆದು ಫ್ರಿಜ್ಜಿಗಿಟ್ಟರೆ ಬುಧವಾರದವರೆಗೆ ನಿಶ್ಚಿಂತೆ. ಮಕ್ಕಳಿಗೆ ಶಾಲೆ ವ್ಯಾನು, ನನಗೆ ಎಂಟೂಕಾಲಿನ ಉಡುಪಿ ಬಸ್ಸು. ಮೊನ್ನೆ ಡಬ್ಬಕ್ಕೆ ಹಿಟ್ಟು ತುಂಬ್ತಿದ್ದಾಗ ಅಬ್ಬಿ, "ನಿಂಗೆ ಮೂರ್ ದಿನದ್ ತಿಂಡಿ ಈಗ್ಲೇ ತಯಾರ್. ನಮ್ಗೆ ನಾಳಿಂದೇ ಲೆಕ್ಕ ಇದ್ದಿತ್" ಅಂದಳು. ಎಂತ ಲೆಕ್ಕ ಅಂತ ಕೇಳ್ತಾ ಕೂತೆ.

ಇಡ್ಲಿಗೆ ಬರೆದಿಟ್ಟ ಚರಿತ್ರೆ ಇದೆ. ಸುಮಾರು 920ರ ವಡ್ಡಾರಾಧನೆಯಲ್ಲಿ 'ಇಡ್ಡಲಿಗೆ' ಬರುತ್ತೆ. 1025ರ ಸುಮಾರಿನ ಚಾವುಂಡರಾಯನ ಲೋಕೋಪಕಾರ ಉದ್ದನ್ನು ಮಜ್ಜಿಗೆಯಲ್ಲಿ ನೆನೆಸಿ ಅರೆಯೋದನ್ನೇ ಹೇಳುತ್ತೆ. ತಂಗಳ ಚರಿತ್ರೆ ಬೇಕಂದ್ರೆ ಅಬ್ಬಿಯಂಥವರ ಹತ್ರ ಕೂರಬೇಕು.

ಬೆಳಕು ಹರಿಯುವ ಮುಂಚೆ ಧಣಿಗಳ ಗದ್ದೆಗೆ ಇಳೀಬೇಕು. ಒಲೆ ಹಚ್ಚೋಕೆ ಪುರುಸೊತ್ತಿಲ್ಲ. ಸಂಜೆ ಕೂಲಿ ಸಿಗ್ತಿದ್ದದ್ದು ದುಡ್ಡಲ್ಲ, ಭತ್ತ. ಅದನ್ನ ಬೇಯಿಸಿ, ಒಣಗಿಸಿ, ಕುಟ್ಟಿದ ಮೇಲೇ ಕುಚ್ಚಲಕ್ಕಿ. ಇಷ್ಟೆಲ್ಲ ಮಾಡಿದವಳು ಆಮೇಲೆ ಅಂಗಡಿಯಿಂದ ಉದ್ದು ತಂದು, ನೆನೆಸಿ, ಕಡೆಯೋ ಕಲ್ಲಿನ ಮುಂದೆ ಕೂರೋದು ಯಾವಾಗ? ಹಾಗಾಗಿ ದೋಸೆ ನಮಗೆ ಹಬ್ಬದ್ದು. ದಿನದ್ದು ತಂಗಳು: ರಾತ್ರಿ ಉಳಿದ ಅನ್ನಕ್ಕೆ ಮಡಕೆಯಲ್ಲಿ ನೀರು. ಬೆಳಿಗ್ಗೆ ಒಂದು ಹರಳು ಉಪ್ಪು, ಗಾಂಧಾರಿ ಮೆಣಸು, ಇದ್ದರೆ ಸುಟ್ಟ ಒಣಮೀನು.

'ಉಳಿದ' ಅಂತ ಬರೆದೆನಲ್ಲ, ತಪ್ಪು. ಅನ್ನ ಉಳೀತಿರಲಿಲ್ಲ, ಉಳಿಸ್ತಿದ್ದರು. ರಾತ್ರಿ ಒಂದು ಸೌಟು ಕಡಿಮೆ ಬಡಿಸಿದರೆ ಬೆಳಿಗ್ಗೆಗೆ ಮಡಕೆ. ಅದೇ ಅಬ್ಬಿ ಹೇಳಿದ ಲೆಕ್ಕ.

1974ರ ಭೂಸುಧಾರಣೆಯನ್ನ ನಾವು ಹೊಗಳ್ತೇವೆ, ಹೊಗಳಲೇಬೇಕು. ಆದರೆ ಗದ್ದೆ ಸಿಕ್ಕಿದ್ದು ಗೇಣಿದಾರರಿಗೆ. ನಮ್ಮವರು ಹೆಚ್ಚಿನವರು ಗೇಣಿದಾರರಲ್ಲ, ಮೂಲದಾಳುಗಳು. ಕೂಲಿಯವರಿಗೆ ಆ ಕಾಯ್ದೆ ಕೊಟ್ಟದ್ದು ಗುಡಿಸಲು ನಿಂತ ಜಾಗ. ಭತ್ತದ ಕಣಜ ನಮ್ಮ ಅಂಗಳಕ್ಕೆ ಬರಲೇ ಇಲ್ಲ.

ಇನ್ನೊಂದು ತಂಗಳೂ ಇತ್ತು, ಧಣಿಗಳ ಹಿತ್ತಿಲ ಬಾಗಿಲಲ್ಲಿ ಮೇಲಿಂದ ಸುರಿಯುತ್ತಿದ್ದದ್ದು. ಕೊರಗರಿಗಂತೂ ಕೂದಲು, ಉಗುರು ಬೆರೆಸಿದ ಅನ್ನ ತಿನ್ನಿಸುವ ಅಜಲು ಇತ್ತು. ಅದನ್ನ ನಿಷೇಧಿಸೋಕೆ 2000ನೇ ಇಸವಿಯಲ್ಲಿ ಕಾಯ್ದೆ ಬೇಕಾಯ್ತು! ಇವೆರಡು ತಂಗಳನ್ನ ಒಂದೇ ಅಂತ ದಯವಿಟ್ಟು ಬರೀಬೇಡಿ. ಒಂದು ಎಂಜಲು, ಇನ್ನೊಂದು ನಮ್ಮ ಹೆಂಗಸರ ದುಡಿಮೆ.

ಈಗ ತಂಗಳಿಗೆ ಮರ್ಯಾದೆ ಬಂದಿದೆ. ಒಡಿಶಾದವರು ಮಾರ್ಚ್ 20ರಂದು ಪಖಾಲ ದಿನ ಆಚರಿಸ್ತಾರೆ. 2021ರಲ್ಲಿ ಕಿಶ್ವರ್ ಚೌಧುರಿ ಆಸ್ಟ್ರೇಲಿಯಾದ ಮಾಸ್ಟರ್‌ಶೆಫ್ ಫೈನಲ್ಲಿನಲ್ಲಿ ಬಂಗಾಳದ ಪಾಂತಾ ಭಾತ್ ಬಡಿಸಿದರು. ನನ್ನ ಆಫೀಸಲ್ಲೂ ಒಬ್ಬರು 'ಹೊಟ್ಟೆಗೆ ಒಳ್ಳೇದು' ಅಂತ ವಿಡಿಯೋ ಕಳಿಸಿದ್ರು. ಶಾಲೆಗೆ ಹೋಗುವಾಗ ನನ್ನ ಬಾಯಿಂದ ತಂಗಳ ವಾಸನೆ ಬರುತ್ತೆ ಅಂತ ಬೆಂಚು ಬದಲಿಸಿದವರ ನೆನಪಾಯ್ತು. ಲೈಕ್ ಒತ್ತಲಿಲ್ಲ.

ಅಬ್ಬಿಗೆ ಕೊನೆಗೊಂದು ಕೇಳಿದೆ: ನಾವು ಐದು ಮಕ್ಕಳು, ಒಂದೇ ಮಡಕೆ, ನಿನಗೆ ಎಂತ ಉಳೀತಿತ್ತು?

"ಅನ್ನ ನಿಮ್ಗೆ, ತಿಳಿ ನಂಗೆ" ಅಂದು, ಹಿಟ್ಟಿನ ಡಬ್ಬದ ಮುಚ್ಚಳ ಒತ್ತಿ ಹಾಕಿದಳು.