ಗುಬ್ಬಿ ಕಂಪನಿ ಅನ್ನೋ ಹಾಸ್ಟೆಲ್ಲು

ರೆಸ್ಯೂಮೆಯ ಕೊನೆಯಲ್ಲಿ 'ಹವ್ಯಾಸಗಳು' ಅಂತ ಒಂದು ಸಾಲಿರುತ್ತಲ್ಲ, ಅದರ ಬಗ್ಗೆ ನನಗೆ ಬಹಳ ದಿನದಿಂದ ಕುತೂಹಲ. ಮೇಲಿರೋದೆಲ್ಲ ಡಿಗ್ರಿ, ಕೆಲಸ, ಅನುಭವ. ನಾವು ಎಂಥಾ ಮನುಷ್ಯರು ಅನ್ನೋದಕ್ಕೆ ಸಿಗೋದು ಆ ಒಂದೇ ಸಾಲು, ಅದೂ ಪುಟದಲ್ಲಿ ಜಾಗ ಉಳಿದರೆ.

ನಮ್ಮ ತುಮಕೂರಿನ ಮನೆಗಳ ಲೆಕ್ಕವೂ ಇದೇ. ಎಸ್ಸೆಸ್ಸೆಲ್ಸಿಯಲ್ಲಿ ಮಾರ್ಕ್ಸ್ ಬಂತಾ, ಸೈನ್ಸ್ ತಗೊ. ಆಮೇಲೆ ಇಂಜಿನಿಯರಿಂಗು, ಆಮೇಲೆ ಬೆಂಗಳೂರಿಗೆ ಬೆಳಗಿನ ರೈಲು. ಹಾಡು, ನಾಟಕ, ಚಿತ್ರಕಲೆ ಎಲ್ಲ 'ಮೊದಲು ಓದು ಮುಗಿಸು' ಖಾತೆಗೆ. ನಾನೂ ಅದೇ ದಾರಿಯಲ್ಲಿ ಬಂದವನು, ಅದರಿಂದಲೇ ಹೊಟ್ಟೆ ತುಂಬುತ್ತಿದೆ, ದೂರೇನಿಲ್ಲ. ಆದರೆ ನಮ್ಮ ಜಿಲ್ಲೆಯ ಚರಿತ್ರೆ ಓದುತ್ತಾ ಹೋದರೆ, ಓದು ಒಂದು ಕಡೆ, ಹವ್ಯಾಸ ಇನ್ನೊಂದು ಕಡೆ ಅನ್ನೋ ಗೆರೆ ಅಷ್ಟು ಗಟ್ಟಿಯಾಗಿ ನಿಲ್ಲೋದಿಲ್ಲ.

ಕುಣಿಗಲ್ ನೋಡಿ. ಅಲ್ಲಿನ ಕುದುರೆ ಫಾರಂ ಟಿಪ್ಪು ಕಾಲದ್ದು, ಸೈನ್ಯಕ್ಕೆ ಕುದುರೆ ಬೆಳೆಸಲು ಆದದ್ದು. ಅದೇ ಜಾಗದಲ್ಲಿ ಮುಂದೆ ರೇಸ್ ಕುದುರೆಗಳು ಬೆಳೆದವು. ಒಂದು ಕಾಲದ ಯುದ್ಧದ ಕೆಲಸ ಇನ್ನೊಂದು ಕಾಲದ ವೀಕೆಂಡ್ ಮೋಜು. ಗುಬ್ಬಿಯಲ್ಲಿ ಆದದ್ದು ಇದರ ಉಲ್ಟಾ: ಜನರ ಮೋಜಿನ ನಾಟಕವೇ ಒಂದು ದೊಡ್ಡ ಶಾಲೆಯಾಯಿತು.

ಗುಬ್ಬಿ ಚನ್ನಬಸವೇಶ್ವರ ನಾಟಕ ಕಂಪನಿ ಶುರುವಾದದ್ದು 1884ರಲ್ಲಿ. ವೀರಣ್ಣನವರು ಅದಕ್ಕೆ ಸೇರಿದಾಗ ಇನ್ನೂ ಪುಟ್ಟ ಹುಡುಗ. ಅಂದರೆ ಅವರ ಶಾಲೆ, ಆಟದ ಮೈದಾನ, ಆಫೀಸು ಎಲ್ಲ ಒಂದೇ ಟೆಂಟಿನ ಕೆಳಗೆ. 'ಸದಾರಮೆ'ಯ ಕಳ್ಳನ ಪಾತ್ರದಲ್ಲಿ ಜನರನ್ನು ನಗಿಸಿದ ಆ ಮನುಷ್ಯ ಮುಂದೆ ಕಂಪನಿಯ ಮಾಲೀಕರಾದರು, 'ಕುರುಕ್ಷೇತ್ರ' ನಾಟಕಕ್ಕೆ ನಿಜವಾದ ಆನೆ ಕುದುರೆಗಳನ್ನೇ ರಂಗಕ್ಕೆ ತಂದರು. ರಾಜ್‌ಕುಮಾರ್ ಪಳಗಿದ್ದು ಇಲ್ಲೇ. ಅವರ ಶಾಲೆ ಬಾಲ್ಯದಲ್ಲೇ ನಿಂತಿತ್ತು. 1954ರಲ್ಲಿ ಅವರನ್ನು ನಾಯಕನನ್ನಾಗಿ ಮಾಡಿದ 'ಬೇಡರ ಕಣ್ಣಪ್ಪ'ದ ನಿರ್ಮಾಣದಲ್ಲೂ ವೀರಣ್ಣನವರ ಪಾಲಿತ್ತು.

ಇಷ್ಟು ಹೇಳಿದ ತಕ್ಷಣ ಯಾರಾದರೂ ಒಬ್ಬರು "ನೋಡಿ, ಡಿಗ್ರಿ ಬೇಕಾಗಿಲ್ಲ, ಪ್ಯಾಶನ್ ಇದ್ದರೆ ಸಾಕು" ಅಂತಾರೆ. ನನಗೆ ಆ ಮಾತು ಒಪ್ಪಿಗೆಯಿಲ್ಲ. ಯಾಕೆ ಅಂತ ಹೇಳೋದಕ್ಕೆ ಬಿ.ವಿ. ಕಾರಂತರ ಕಥೆ ಸಾಕು.

ದಕ್ಷಿಣ ಕನ್ನಡದ ಬಾಬುಕೋಡಿಯ ಹುಡುಗ ಮನೆ ಬಿಟ್ಟು ಓಡಿಬಂದು ಗುಬ್ಬಿ ಕಂಪನಿ ಸೇರಿದ. ಹುಡುಗನಿಗೆ ನಾಟಕದ ಹುಚ್ಚು, ಸಂಗೀತದ ಹುಚ್ಚು. ಅಂಥವನನ್ನು ಕಂಪನಿಯಲ್ಲೇ ದುಡಿಸಿಕೊಂಡಿದ್ದರೆ ಮಾಲೀಕರಿಗೇ ಲಾಭ. ವೀರಣ್ಣನವರು ಮಾಡಿದ್ದು ಬೇರೆ. ಹುಡುಗನನ್ನು ಓದಲು ಬನಾರಸ್ಸಿಗೆ ಕಳಿಸಿದರು. ಕಾರಂತರು ಅಲ್ಲಿ ಎಂ.ಎ. ಮಾಡಿದರು, ಓಂಕಾರನಾಥ ಠಾಕೂರರ ಬಳಿ ಸಂಗೀತ ಕಲಿತರು, ಆಮೇಲೆ ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಗೆ ಹೋದರು. 1989ರಲ್ಲಿ ಮೈಸೂರಿನಲ್ಲಿ ರಂಗಾಯಣ ಕಟ್ಟಿದವರು ಅವರೇ. ವೀರಣ್ಣನವರ ಮೊಮ್ಮಗಳು ಬಿ. ಜಯಶ್ರೀ ಕೂಡ ಅದೇ ದೆಹಲಿ ಶಾಲೆಯಲ್ಲಿ ಕಲಿತವರು.

ತಾನು ಟೆಂಟಿನಲ್ಲಿ ಬೆಳೆದ ಮನುಷ್ಯನಿಗೆ ಇನ್ನೊಬ್ಬರ ಮಗನಿಗೆ ಡಿಗ್ರಿ ಯಾಕೆ ಬೇಕು ಅಂತ ಗೊತ್ತಿತ್ತು. ಅವರ ಮಟ್ಟಿಗೆ ಪುಸ್ತಕವೂ ರಂಗವೂ ಜಗಳವಾಡುವ ಸವತಿಯರಾಗಿರಲಿಲ್ಲ. ಅದಕ್ಕಿಂತ ಮುಖ್ಯ, ಕಂಪನಿ ಊಟ ಹಾಕುತ್ತಿತ್ತು, ಮಲಗಲು ಜಾಗ ಕೊಡುತ್ತಿತ್ತು. ಓಡಿಬಂದ ಹುಡುಗ ಕಲಾವಿದನಾದದ್ದು ಬರೀ ಅವನ ಸ್ವಭಾವದಿಂದಲ್ಲ. ದಿನಾ ಅನ್ನ ಹಾಕುವ ಒಂದು ಮನೆ ಸಿಕ್ಕಿದ್ದರಿಂದ.

ತುಮಕೂರಿನವರಿಗೆ ಇದು ಬಿಡಿಸಿ ಹೇಳಬೇಕಾದ ವಿಷಯವಲ್ಲ. ಊರಂಚಿನ ಸಿದ್ಧಗಂಗಾ ಮಠದಲ್ಲಿ ಸಾವಿರಾರು ಬಡ ಮಕ್ಕಳು ಉಚಿತ ಊಟ, ವಸತಿ ಪಡೆದು ಓದುತ್ತಾರೆ. 2019ರಲ್ಲಿ ನಮ್ಮನ್ನಗಲಿದ ಶಿವಕುಮಾರ ಸ್ವಾಮೀಜಿ ಕೂಡ ಹುಡುಗರಾಗಿದ್ದಾಗ ಆ ಮಠದಲ್ಲಿದ್ದು ಓದಿದವರೇ, ಆಮೇಲೆ ಬೆಂಗಳೂರಿನ ಸೆಂಟ್ರಲ್ ಕಾಲೇಜಿಗೆ ಹೋದವರು. ಮಠ ಒಂದು ದಾರಿ, ನಾಟಕ ಕಂಪನಿ ಇನ್ನೊಂದು ದಾರಿ. ಎರಡರಲ್ಲೂ ಮೊದಲು ಬಂದದ್ದು ತಟ್ಟೆ, ಆಮೇಲೆ ಪಾಠ.

ಈಗ ನಾವು ಆನ್‌ಲೈನ್ ಟೆಸ್ಟ್ ಮಾಡಿ 'ನಾನು ಇಂಟ್ರೋವರ್ಟ್', 'ನಾನು ಕ್ರಿಯೇಟಿವ್ ಟೈಪ್' ಅಂತ ಪರ್ಸನಾಲಿಟಿ ಕಂಡುಕೊಳ್ತೀವಿ. ಖುಷಿಯ ಆಟ, ಆಡೋಣ. ಆದರೆ ಮನೆ ಬಾಡಿಗೆ, ಫೀಸು ಯಾರು ಕಟ್ಟುತ್ತಾರೆ ಅನ್ನೋ ಪ್ರಶ್ನೆ ಆ ಟೆಸ್ಟಿನಲ್ಲಿ ಬರೋದೇ ಇಲ್ಲ. ಅಪ್ಪ ಅಮ್ಮ ನಮ್ಮನ್ನು ಸೈನ್ಸಿಗೆ ತಳ್ಳಿದ್ದು ನಮ್ಮ ಸ್ವಭಾವ ಗೊತ್ತಿಲ್ಲದೆ ಅಲ್ಲ, ಆ ಪ್ರಶ್ನೆಗೆ ಅವರಿಗೆ ಗೊತ್ತಿದ್ದ ಉತ್ತರ ಅದೊಂದೇ ಆಗಿದ್ದರಿಂದ.

ನಾಟಕ ಕಂಪನಿಗಳ ವೈಭವ ಈಗಿಲ್ಲ. ತುಮಕೂರಿನ ಕಲಾಕ್ಷೇತ್ರಕ್ಕೆ ವೀರಣ್ಣನವರ ಹೆಸರಿದೆ. ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲ್‌ನಲ್ಲಿ 2023ರಿಂದ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆ ಇದೆ. ಅಲ್ಲಿ ಕೆಲಸ ಸಿಕ್ಕ ಹುಡುಗ ಸಂಜೆ ಇಲ್ಲಿ ಬಣ್ಣ ಹಚ್ಚಿದರೆ ನನಗಂತೂ ಸಂತೋಷ. ಇನ್ನೊಂದು ಆಸೆಯೂ ಇದೆ. ತಿಂಗಳಿಗೆ ಸಂಬಳ ಎಣಿಸುವ ನಮ್ಮಂಥವರು ನಾಲ್ಕು ಜನ ಸೇರಿ, ಊರ ಕಡೆಯ ಒಬ್ಬ ಹುಡುಗನನ್ನೋ ಹುಡುಗಿಯನ್ನೋ ಅವರವರ ಬನಾರಸ್ಸಿಗೆ ಕಳಿಸಬಹುದಲ್ಲ?