ಗೌರವ ಸದಸ್ಯರ ಹಾಜರಿ

ಈ ಸಾಹಿತ್ಯ ಸಮ್ಮೇಳನದ ನಿಮಿತ್ತ ನಮ್ಮ ಸಂಘದ ಸದಸ್ಯರ ಪಟ್ಟಿಯನ್ನು ಹೊಸದಾಗಿ ಬರೆಯಲು ಕುಳಿತಾಗ ಒಂದು ತೊಡಕು ಎದುರಾಯಿತು. ಹಳೆಯ ಪುಸ್ತಕದಲ್ಲಿ ಆಜೀವ ಸದಸ್ಯರು, ವಾರ್ಷಿಕ ಸದಸ್ಯರು, ಗೌರವ ಸದಸ್ಯರು ಎಂದು ಮೂರು ವರ್ಗಗಳಿದ್ದವು. ಇವುಗಳ ಪಕ್ಕದಲ್ಲಿ ‘ಸಕ್ರಿಯ’ ಎಂಬ ಇನ್ನೊಂದು ಅಂಕಣ ಬೇಕೆಂದು ಕಿರಿಯರು ಸೂಚಿಸಿದರು. ಅವರ ಮಾತಿಗೆ ಕಾರಣವಿತ್ತು. ಕೋರಂ ಸಾಲದೆ ಮಹಾಸಭೆ ಎರಡು ಬಾರಿ ಮುಂದಕ್ಕೆ ಹೋಗಿತ್ತು. ಗೌರವ ಸದಸ್ಯರನ್ನು ಒಟ್ಟು ಸಂಖ್ಯೆಯಲ್ಲಿ ಎಣಿಸಿದರೆ ಕೋರಂ ತುಂಬದು. ಎಣಿಸದೆ ಬಿಟ್ಟರೆ ಸಂಘವನ್ನು ಕಟ್ಟಿದವರನ್ನೇ ಲೆಕ್ಕದಿಂದ ತೆಗೆದಂತಾಗುವುದು. ಅಂದು ರಾತ್ರಿ ಈ ವಿಷಯದಲ್ಲಿ ನಮ್ಮೊಳಗೆ ಸ್ವಲ್ಪ ಏರುದನಿಯ ಮಾತುಗಳೂ ನಡೆದವು. ಆದುದರಿಂದ, ಹಿಂದಿನವರು ಈ ಪ್ರಶ್ನೆಯನ್ನು ಹೇಗೆ ಎದುರಿಸಿದರೆಂದು ನೋಡುವ ಮನಸ್ಸಾಯಿತು.

ಕಾನೂನಿನ ಉತ್ತರ ಸರಳವಾಗಿದೆ. 1860ರ ಸಂಘಗಳ ನೋಂದಣಿ ಕಾಯಿದೆಯು ಸದಸ್ಯನೆಂದರೆ ಯಾರೆಂಬುದನ್ನು ತನ್ನ 15ನೆಯ ಕಲಮಿನಲ್ಲಿ ಹೇಳುತ್ತದೆ. ನಿಯಮದಂತೆ ಸೇರಿ, ಚಂದಾ ಕೊಟ್ಟವನು ಅಥವಾ ಪಟ್ಟಿಗೆ ರುಜು ಹಾಕಿದವನು ಸದಸ್ಯ. ಚಂದಾ ಮೂರು ತಿಂಗಳಿಗೆ ಮೀರಿ ಬಾಕಿಯಾದರೆ ಅವನಿಗೆ ಮತವಿಲ್ಲ, ಅವನನ್ನು ಸದಸ್ಯನೆಂದು ಎಣಿಸುವಂತೆಯೂ ಇಲ್ಲ. ತಮಿಳುನಾಡು 1975ರಲ್ಲಿ ತನ್ನದೇ ಕಾಯಿದೆಯನ್ನು ಮಾಡಿಕೊಂಡಿತು; ಲೆಕ್ಕಪತ್ರ, ಪಟ್ಟಿ, ವಾರ್ಷಿಕ ಸಭೆ ಅದರ ಮೂರು ಕಂಬಗಳು. ಇದರಲ್ಲೊಂದು ವಿನೋದವುಂಟು. ಗೌರವ ಸದಸ್ಯರಿಗೆ ಚಂದಾ ಮಾಫಿ. ಕೊಡಬೇಕಾದುದೇ ಇಲ್ಲದವರಿಗೆ ಬಾಕಿ ಎಲ್ಲಿಯದು?

ನಾವು ನೆಲೆಸಿರುವ ತಮಿಳು ನಾಡಿನಲ್ಲಿಯೇ ಇದಕ್ಕಿಂತ ಬಹು ಹಿಂದಿನ ಉತ್ತರವೊಂದು ಕಲ್ಲಿನ ಮೇಲಿದೆ. ಕಾಂಚೀಪುರದ ಸಮೀಪದ ಉತ್ತರಮೇರೂರಿನ ವೈಕುಂಠ ಪೆರುಮಾಳ್ ದೇವಾಲಯದಲ್ಲಿ ಒಂದನೆಯ ಪರಾಂತಕ ಚೋಳನ ಕಾಲದ, ಕ್ರಿ.ಶ. 919 ಮತ್ತು 921ರ ಶಾಸನಗಳಿವೆ. ಊರಿನ 30 ಕುಡುಂಬುಗಳಿಂದ ಓಲೆಚೀಟಿ ಎತ್ತಿ ವಾರಿಯಗಳಿಗೆ ಜನರನ್ನು ಆರಿಸುವ ಕ್ರಮವನ್ನು ಅವು ವಿವರಿಸುತ್ತವೆ. ಎರಡನೆಯ ಶಾಸನದ ಪ್ರಕಾರ ವಯಸ್ಸು 35ಕ್ಕೆ ಮೇಲೆ, 70ಕ್ಕೆ ಕೆಳಗೆ ಇರಬೇಕು. ಹಿಂದೆ ವಾರಿಯದಲ್ಲಿದ್ದು ಲೆಕ್ಕ ಒಪ್ಪಿಸದವನಿಗೆ ಸ್ಥಾನವಿಲ್ಲ, ಅವನ ಹತ್ತಿರದ ಬಂಧುಗಳಿಗೂ ಇಲ್ಲ. ಹೀಗೆ ಆಯ್ದವರೊಳಗಿಂದ ಸಂವತ್ಸರ ವಾರಿಯಕ್ಕೆ 12 ಮಂದಿಯನ್ನು ತೆಗೆಯುವಾಗ, ಮೊದಲು ತೋಟದ ವಾರಿಯದಲ್ಲಿಯೂ ಕೆರೆಯ ವಾರಿಯದಲ್ಲಿಯೂ ದುಡಿದವರನ್ನು, ವಿದ್ಯೆಯಲ್ಲಿ ಮತ್ತು ವಯಸ್ಸಿನಲ್ಲಿ ಹಿರಿಯರಾದವರನ್ನು ಆರಿಸಬೇಕೆಂದು ವಿಧಿಸಲಾಗಿದೆ. ಕೆರೆಯ ಹೂಳನ್ನು ಕಂಡವನಿಗೆ ವರ್ಷದ ಮೇಲ್ವಿಚಾರಣೆ. ಹಿರಿತನವನ್ನು ಇಲ್ಲಿ ಬರಿಯ ಅಲಂಕಾರವೆಂದು ಬಗೆದಿಲ್ಲ. ಅದಕ್ಕೊಂದು ಕೆಲಸವನ್ನು ಗೊತ್ತುಮಾಡಲಾಗಿದೆ.

ಕನ್ನಡ ಸಂಸ್ಥೆಗಳ ಚರಿತ್ರೆಗೆ ಬಂದರೆ, ಗೌರವ ಮತ್ತು ದುಡಿಮೆಗಳ ಸಂಬಂಧ ಕನ್ನಡ ಸಾಹಿತ್ಯ ಪರಿಷತ್ತಿನಲ್ಲಿ ಕಾಣುವಷ್ಟು ಸ್ಪಷ್ಟವಾಗಿ ಬೇರೆಡೆ ಕಾಣದೆಂದು ನಮ್ಮ ಅಭಿಪ್ರಾಯ. 1915ರಲ್ಲಿ ಹೆಚ್.ವಿ. ನಂಜುಂಡಯ್ಯನವರ ಅಧ್ಯಕ್ಷತೆಯಲ್ಲಿ ಆರಂಭವಾದ ಆ ಸಂಸ್ಥೆಯ ಅಧ್ಯಕ್ಷ ಪೀಠವನ್ನು 1940ರವರೆಗೆ ಹಲವು ವರ್ಷ ಯುವರಾಜ ಕಂಠೀರವ ನರಸಿಂಹರಾಜ ಒಡೆಯರ್ ಅಲಂಕರಿಸಿದ್ದರು. ಅದು ಗೌರವದ ಪೀಠ. ದಿನನಿತ್ಯದ ಭಾರವನ್ನು ಹೊತ್ತವರು ಉಪಾಧ್ಯಕ್ಷರು. ಈ ಉಪಾಧ್ಯಕ್ಷರು ಯಾರೆಂದು ನೋಡಿದಾಗ ನಮಗೆ ಆಶ್ಚರ್ಯವಾಯಿತು. ಡಿ.ವಿ. ಗುಂಡಪ್ಪನವರು 1932ರಲ್ಲಿ ಮಡಿಕೇರಿ ಸಮ್ಮೇಳನದ ಅಧ್ಯಕ್ಷರಾದರು. ಮರುವರ್ಷವೇ, 1933ರಲ್ಲಿ, ಪರಿಷತ್ತಿನ ಉಪಾಧ್ಯಕ್ಷರಾಗಿ ದುಡಿಯಲು ಕುಳಿತರು. ಬಿ.ಎಂ. ಶ್ರೀಕಂಠಯ್ಯನವರು 1928ರಲ್ಲಿ ಕಲಬುರಗಿ ಸಮ್ಮೇಳನದ ಅಧ್ಯಕ್ಷರು. ಹತ್ತು ವರ್ಷದ ಮೇಲೆ, 1938ರಲ್ಲಿ, ಉಪಾಧ್ಯಕ್ಷರು. 1929ರಲ್ಲಿ ಬೆಳಗಾವಿಯಲ್ಲಿ ಅಧ್ಯಕ್ಷತೆ ವಹಿಸಿದ್ದ ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರೂ 1940ರ ದಶಕದಲ್ಲಿ ಅದೇ ಸ್ಥಾನದಲ್ಲಿ ಕುಳಿತರು.

ಸಮ್ಮೇಳನದ ಅಧ್ಯಕ್ಷತೆಯೆಂದರೆ ಕನ್ನಡಿಗರು ಒಬ್ಬ ಸಾಹಿತಿಗೆ ಸಲ್ಲಿಸಬಹುದಾದ ಪರಮ ಸನ್ಮಾನ. ಅದನ್ನು ಪಡೆದವರು ಆ ಬಳಿಕ ಉಪಾಧ್ಯಕ್ಷರಾಗುವುದನ್ನು ಇಳಿಕೆಯೆಂದು ಎಣಿಸಲಿಲ್ಲ. ಶ್ರೀಯವರ ಅವಧಿಯಲ್ಲಿ ಪರಿಷತ್ತು ‘ಕನ್ನಡ ನುಡಿ’ ಪತ್ರಿಕೆಯನ್ನು ಹೊರಡಿಸಿತು, ಸ್ವಂತ ಅಚ್ಚುಕೂಟವನ್ನು ಪಡೆಯಿತು, ಕನ್ನಡ ಪರೀಕ್ಷೆಗಳನ್ನು ನಡೆಸತೊಡಗಿತು. ಅಚ್ಚುಕೂಟವೆಂದರೆ ಕಾಗದದ ಬೆಲೆ, ಮೊಳೆಯ ಲೆಕ್ಕ, ಕರಡು ತಿದ್ದುವ ಕಣ್ಣುರಿ. ‘ಇಂಗ್ಲಿಷ್ ಗೀತಗಳು’ ಬರೆದ ಕವಿಗೆ ಇವುಗಳಿಂದ ಹೊಸ ಕೀರ್ತಿಯೇನೂ ಬರುವಂತಿರಲಿಲ್ಲ.

ಇದಕ್ಕೆ ಎದುರಾಗಿ ಕೇಂದ್ರ ಸಾಹಿತ್ಯ ಅಕಾದೆಮಿಯ ಪದ್ಧತಿ ಇನ್ನೊಂದು ಬಗೆಯದು. 1954ರಲ್ಲಿ ಉದ್ಘಾಟನೆಯಾದ ಆ ಸಂಸ್ಥೆಯ ಫೆಲೋಗಳು ಒಂದು ಸಮಯಕ್ಕೆ 21ಕ್ಕೆ ಮೀರುವಂತಿಲ್ಲ. ಕನ್ನಡದಲ್ಲಿ ಬೇಂದ್ರೆ, ಮಾಸ್ತಿ, ಕುವೆಂಪು, ಕಾರಂತ ಮೊದಲಾದವರು ಆ ಗೌರವಕ್ಕೆ ಪಾತ್ರರಾದರು. ಬಾಳಿನುದ್ದಕ್ಕೂ ಬರೆದುದೇ ಅವರ ಹಾಜರಿ. ದೊಡ್ಡ ಸಂಸ್ಥೆಗೆ ಅದು ಒಪ್ಪುತ್ತದೆ. ಸಂಬಳವಿಲ್ಲದೆ, ಸಂಜೆಯ ಬಿಡುವಿನಲ್ಲಿ, ಕನ್ನಡವನ್ನು ಹವ್ಯಾಸವಾಗಿ ಉಳಿಸಿಕೊಂಡಿರುವ ನಮ್ಮಂಥ ಕೂಟಕ್ಕೆ ಪರಿಷತ್ತಿನ ದಾರಿಯೇ ಹತ್ತಿರವೆಂದು ತೋರುತ್ತದೆ.

ಗಣಪತಿಯಲ್ಲಿ ಈ ಪ್ರಶ್ನೆಗೆ ಬೇರೊಂದು ಮುಖವೂ ಇದೆ. ಇಲ್ಲಿಂದ ಹೊರಡುವ ಸತ್ಯಮಂಗಲದ ರಸ್ತೆ ದಿಂಬಂ ಘಾಟಿಯನ್ನು ಹತ್ತಿ ಚಾಮರಾಜನಗರವನ್ನು ಮುಟ್ಟುತ್ತದೆ. 1956ರ ನವೆಂಬರ್ 1ರವರೆಗೆ ಕೊಳ್ಳೇಗಾಲವೂ ಕೊಯಮತ್ತೂರು ಜಿಲ್ಲೆಯದೇ ತಾಲ್ಲೂಕು. ಆದುದರಿಂದ ಇಲ್ಲಿನ ಕನ್ನಡವೆಲ್ಲ ನೌಕರಿಗೆಂದು ಬಂದವರ ಕನ್ನಡವಲ್ಲ. ನೇಯ್ಗೆಯ ದೇವಾಂಗರ ಮನೆಗಳಲ್ಲಿ ತಲೆಮಾರುಗಳಿಂದ ಆಡುವ ಮಾತು ಕನ್ನಡ. ಅವರಲ್ಲಿ ಅನೇಕರು ಓದುವ ಅಕ್ಷರ ತಮಿಳು. ನಮ್ಮ ಗೌರವ ಸದಸ್ಯರಲ್ಲೊಬ್ಬರು ಅಂಥ ಮನೆಯ ಹಿರಿಯರು. ಸಭೆಯ ಸೂಚನಾಪತ್ರವನ್ನು ಅವರು ಓದಲಾರರು; ಮೊಣಕಾಲ ನೋವಿನಿಂದ ಮೂರು ವರ್ಷಗಳಿಂದ ಮೆಟ್ಟಿಲು ಹತ್ತಿಲ್ಲ. ಹಾಜರಿ ಪುಸ್ತಕದ ಪ್ರಕಾರ ಅವರು ನಿಷ್ಕ್ರಿಯರು. ಆದರೆ ಮಗ್ಗ, ಲಾಳಿ, ಹಾಸು, ಹೊಕ್ಕುಗಳ ಮಾತುಗಳನ್ನು ಬರೆದುಕೊಳ್ಳಲು ನಮ್ಮ ಮಕ್ಕಳು ಭಾನುವಾರ ಹೋಗುವುದು ಅವರ ಜಗಲಿಗೆ. ‘ಅಜ್ಜಾರೇ, ಇದಕ್ಕೇನಂತೀರಿ?’ ಎಂದು ಕೇಳಿ ಕೇಳಿ ಒಂದು ನೋಟುಪುಸ್ತಕವನ್ನು ತುಂಬಿಸಿದ್ದಾರೆ. ಅಚ್ಚುಕಟ್ಟಾಗಿ ರುಜು ಹಾಕಿ, ಕಾಫಿ ಕುಡಿದು, ವಂದನಾರ್ಪಣೆಗೆ ಮೊದಲೇ ಎದ್ದು ಹೋಗುವ ನಮ್ಮಲ್ಲಿ ಕೆಲವರು ಆ ಪುಸ್ತಕಕ್ಕೆ ಒಂದು ಪದವನ್ನೂ ಸೇರಿಸಿಲ್ಲ.

ಕೊನೆಗೆ ಸಮಿತಿಯು ಹೀಗೆ ಒಪ್ಪಿತು. ಕೋರಂ ಲೆಕ್ಕಕ್ಕೆ ಗೌರವ ಸದಸ್ಯರನ್ನು ಹಿಡಿಯುವುದಿಲ್ಲ, ಆದರೆ ಬಂದವರಿಗೆ ಮತವುಂಟು; ಇದಕ್ಕೆ ಉಪನಿಯಮದ ತಿದ್ದುಪಡಿ ಬೇಕಾದುದರಿಂದ ಮುಂದಿನ ಮಹಾಸಭೆಯ ಮುಂದಿಡಲಾಗುವುದು. ‘ಸಕ್ರಿಯ’ ಎಂಬ ಅಂಕಣವನ್ನು ಕೈಬಿಡಲಾಯಿತು. ಅದರ ಬದಲು, ವರ್ಷದಲ್ಲಿ ಯಾರು ಏನು ಮಾಡಿದರೆಂದು ಒಂದು ಸಾಲು ಬರೆಯುವಷ್ಟು ಜಾಗವನ್ನು ಪ್ರತಿ ಹೆಸರಿನ ಮುಂದೆಯೂ ಬಿಡಲಾಗಿದೆ. ದೇವಾಂಗ ಹಿರಿಯರ ಹೆಸರಿನ ಮುಂದಿನ ಸಾಲನ್ನು ಮಕ್ಕಳೇ ಬರೆದರು. ನಮ್ಮಲ್ಲಿ ಹಲವರ ಸಾಲು ಇನ್ನೂ ಖಾಲಿಯಿದೆ.