ಆಹಾರ ನೆರವು: ಯಾದಗಿರಿ, ಶಹಾಪುರ, ಸುರಪುರ

ಯಾದಗಿರಿ ಜಿಲ್ಲೆಯ ಬಡ ಕುಟುಂಬಗಳಿಗೆ ಧಾನ್ಯ ಮತ್ತು ಊಟ ದೊರೆಯುವ ಸಾರ್ವಜನಿಕ, ಧಾರ್ಮಿಕ ವ್ಯವಸ್ಥೆಗಳು. ಕಲಬುರಗಿಯಿಂದ ಯಾದಗಿರಿ, ಶಹಾಪುರ, ಸುರಪುರ ತಾಲ್ಲೂಕುಗಳನ್ನು ಬೇರ್ಪಡಿಸಿ 2009ರ ಡಿಸೆಂಬರ್‌ನಲ್ಲಿ ಈ ಜಿಲ್ಲೆ ರಚನೆಯಾಯಿತು. ಕೃಷ್ಣಾ, ಭೀಮಾ ನದಿಗಳು ಹರಿದರೂ ಇಲ್ಲಿನ ಹಸಿವು ಹಳೆಯದು. ಐದು ವರ್ಷದೊಳಗಿನ ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚಿನವರು ವಯಸ್ಸಿಗೆ ತಕ್ಕ ಎತ್ತರ ಬೆಳೆದಿಲ್ಲವೆಂದು 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಕಂಡುಕೊಂಡಿತು.

ನೆರವಿನ ಮುಖ್ಯ ಬಾಗಿಲು ನ್ಯಾಯಬೆಲೆ ಅಂಗಡಿ. 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆಯ ಪ್ರಕಾರ ಆದ್ಯತಾ ಕುಟುಂಬದ ಪ್ರತಿ ಸದಸ್ಯರಿಗೆ ತಿಂಗಳಿಗೆ 5 ಕಿಲೋ, ಅಂತ್ಯೋದಯ ಕುಟುಂಬಕ್ಕೆ 35 ಕಿಲೋ ಧಾನ್ಯ ಸಲ್ಲಬೇಕು. ಅದೇ ವರ್ಷದ ಜುಲೈನಲ್ಲಿ ರಾಜ್ಯದ ಅನ್ನಭಾಗ್ಯ ಯೋಜನೆ ಜಾರಿಗೆ ಬಂತು. ಕಾಯ್ದೆಯ ಪಾಲಿನ ಮೇಲೆ ರಾಜ್ಯ ಪ್ರತಿ ಸದಸ್ಯರಿಗೆ ಕೊಡಬೇಕಿದ್ದ ಹೆಚ್ಚುವರಿ 5 ಕಿಲೋ ಅಕ್ಕಿಯ ಬದಲು 2023ರ ಜುಲೈನಿಂದ ಕಿಲೋಗೆ 34 ರೂಪಾಯಿಯಂತೆ ಹಣ ಸಂದಾಯವಾಗುತ್ತಿತ್ತು. 2025ರ ಫೆಬ್ರುವರಿಯಿಂದ ಮತ್ತೆ ಅಕ್ಕಿಯನ್ನೇ ಕೊಡಲು ಸರ್ಕಾರ ನಿರ್ಧರಿಸಿತು. ಜೋಳದ ರೊಟ್ಟಿ ಉಣ್ಣುವ ಸೀಮೆಗೆ ಬರುವುದು ಹೆಚ್ಚಾಗಿ ಅಕ್ಕಿಯೇ ಎಂಬುದು ಈ ವ್ಯವಸ್ಥೆಯ ದೊಡ್ಡ ಕೊರತೆ. ಸೋರಿಕೆಯೂ ಇದೆ: 2023ರಲ್ಲಿ ಶಹಾಪುರದ ಗೋದಾಮಿನಿಂದ ಸಾವಿರಾರು ಕ್ವಿಂಟಲ್ ಅನ್ನಭಾಗ್ಯ ಅಕ್ಕಿ ಕಾಣೆಯಾಗಿ ಪೊಲೀಸ್ ಪ್ರಕರಣ ದಾಖಲಾಯಿತು.

ಸುಗ್ಗಿ ಮುಗಿದ ಮೇಲೆ ಗುಳೆ ಹೋಗುವವರ ಕಷ್ಟ ಬೇರೆಯೇ. ಬೆಂಗಳೂರು, ಪುಣೆ, ಮುಂಬೈ, ಹೈದರಾಬಾದ್‌ಗಳಲ್ಲಿ ಕಟ್ಟಡ ಕೆಲಸಕ್ಕೆ ಸೇರಿದ ಕುಟುಂಬಗಳು ‘ಒಂದು ದೇಶ, ಒಂದು ಪಡಿತರ ಚೀಟಿ’ ವ್ಯವಸ್ಥೆಯಡಿ ಅಲ್ಲಿಯೇ ಬೆರಳಚ್ಚು ಕೊಟ್ಟು, ಕಾಯ್ದೆಯ ಪ್ರಕಾರ ತಮಗೆ ಸಲ್ಲುವ ಧಾನ್ಯ ಪಡೆಯಬಹುದು. ಊರಲ್ಲಿ ಉಳಿದ ಹಿರಿಯರು ಅದೇ ಚೀಟಿಯಲ್ಲಿ ತಮ್ಮ ಪಾಲನ್ನಷ್ಟೇ ಪಡೆಯಲೂ ಅವಕಾಶವಿದೆ. ಇದು ತಿಳಿಯದೆ ಹಕ್ಕಿನ ಅಕ್ಕಿ ಬಿಟ್ಟುಕೊಡುವವರಿರುವುದು ನೋವಿನ ಸಂಗತಿ.

ಮಕ್ಕಳ ಮಟ್ಟಿಗೆ ಫಲ ಕಣ್ಣಿಗೆ ಕಾಣುವಂತಿದೆ. ಅಕ್ಷರ ದಾಸೋಹದ ಬಿಸಿಯೂಟ 2002ರಲ್ಲಿ ಮೊದಲು ಆರಂಭವಾದದ್ದು ಈ ಭಾಗವೂ ಸೇರಿದ ಉತ್ತರದ ಏಳು ಜಿಲ್ಲೆಗಳಲ್ಲಿ. 2021ರ ಡಿಸೆಂಬರ್‌ನಲ್ಲಿ ಇಲ್ಲಿನ ಶಾಲೆಗಳಲ್ಲಿ ಮೊಟ್ಟೆ ಕೊಡತೊಡಗಿದರು, ಒಲ್ಲದವರಿಗೆ ಬಾಳೆಹಣ್ಣು. ಆಗ ಮೊಟ್ಟೆ ಸಿಗದಿದ್ದ ಗದಗ ಜಿಲ್ಲೆಯ ಮಕ್ಕಳೊಂದಿಗೆ ಹೋಲಿಸಿದಾಗ ಯಾದಗಿರಿಯ ಮಕ್ಕಳ ತೂಕ ಹೆಚ್ಚು ಏರಿದ್ದನ್ನು ಅಧ್ಯಯನವೊಂದು ತೋರಿಸಿತು. 2022ರಲ್ಲಿ ಯೋಜನೆ ರಾಜ್ಯದಾದ್ಯಂತ ವಿಸ್ತರಿಸಿತು. ಯಾದಗಿರಿಯ ಮಕ್ಕಳಿಂದ ಇಡೀ ರಾಜ್ಯದ ಮಕ್ಕಳಿಗೆ ದೊರೆತ ಲಾಭವಿದು. ಗರ್ಭಿಣಿ, ಬಾಣಂತಿಯರಿಗೆ ಅಂಗನವಾಡಿಯಲ್ಲಿ ಮಾತೃಪೂರ್ಣ ಊಟ 2017ರಿಂದ ಇದೆ.

ಸರ್ಕಾರಕ್ಕಿಂತ ಹಿಂದಿನದು ಮಠ, ಗುಡಿಗಳ ದಾಸೋಹ. ಯಾದಗಿರಿ ಬಳಿಯ ಅಬ್ಬೆತುಮಕೂರಿನ ವಿಶ್ವಾರಾಧ್ಯರ ಮಠ, ಸುರಪುರ ತಾಲ್ಲೂಕಿನ ತಿಂಥಣಿ ಮೌನೇಶ್ವರ ಕ್ಷೇತ್ರಗಳಿಗೆ ಬಂದ ಭಕ್ತರು ಪಂಕ್ತಿಯಲ್ಲಿ ಕೂತು ಪ್ರಸಾದ ಸ್ವೀಕರಿಸುತ್ತಾರೆ. ಚೀಟಿ, ಬೆರಳಚ್ಚು ಯಾವುದೂ ಬೇಡ. ಆದರೆ ಅದು ಆ ಹೊತ್ತಿನ ಊಟ, ತಿಂಗಳಿಡೀ ಮನೆಯ ಒಲೆ ಉರಿಸಲಾರದು.

ಪಡಿತರ ಚೀಟಿಯಲ್ಲಿ ಮನೆಯ ಹಿರಿಯ ಮಹಿಳೆಯೇ ಯಜಮಾನಿ. ಹೊಸ ಚೀಟಿಗೆ ಅರ್ಜಿ ವರ್ಷವಿಡೀ ತೆರೆದಿರುವುದಿಲ್ಲ. ತೆರೆದಾಗ ಗ್ರಾಮ ಒನ್ ಕೇಂದ್ರದಲ್ಲಿ ಸಲ್ಲಿಸಬಹುದು. ಇ-ಕೆವೈಸಿ ಬಾಕಿ ಉಳಿದರೆ ಧಾನ್ಯ ನಿಲ್ಲುವ ಸಾಧ್ಯತೆಯಿದೆ. ಅಂಗಡಿಯವರು ತೂಕದಲ್ಲಿ ಕಡಿಮೆ ಕೊಟ್ಟರೆ, ಹಣ ಕೇಳಿದರೆ, ಸಹಾಯವಾಣಿ 1967ಕ್ಕೆ ಕರೆ ಮಾಡಿ ಅಥವಾ ತಹಶೀಲ್ದಾರ್ ಕಚೇರಿಯ ಆಹಾರ ಶಾಖೆಗೆ ದೂರು ಕೊಡಬೇಕು.